ಕೈಕಾಲು ಉಳಿದವು, ಗಂಟಲು ಹೋಯಿತು

ಪಾರ್ಶ್ವವಾಯು ಎಂದೊಡನೆ ಎಲ್ಲರ ಕಣ್ಣು ಮೊದಲು ಹೋಗುವುದು ಕೈಕಾಲಿನ ಮೇಲೆ. ನನ್ನ ಕೈಕಾಲುಗಳಲ್ಲಿ ಬಲವಿತ್ತು. ಮಾತಿನ ಅರ್ಥ ತಪ್ಪಲಿಲ್ಲ, ನೆನಪು ಅಳಿಸಲಿಲ್ಲ. ಹೋದದ್ದು ಗಂಟಲು. ನುಂಗುವುದು ಹೋಯಿತು, ದನಿ ಹೋಯಿತು, ಕಡೆಗೆ ಉಸಿರಿಗೂ ಸಂಚಕಾರ ಬಂತು. ನೋಡಲು ಬಂದವರು "ಪುಣ್ಯ, ಕೈಕಾಲಿಗೆ ಏನೂ ಆಗಿಲ್ಲವಲ್ಲ" ಎಂದು ಸಮಾಧಾನ ಹೇಳುತ್ತಿದ್ದಾಗ ನಾನು ನನ್ನದೇ ಜೊಲ್ಲನ್ನು ನುಂಗಲಾರದೆ ಬಟ್ಟಲಿಗೆ ಉಗುಳುತ್ತಿದ್ದೆ.

ಈಗ ಕತ್ತಿನ ಕೊಳವೆಯೂ ಹೊಟ್ಟೆಯ ಕೊಳವೆಯೂ ಹೊರಗೆ ಬಂದಿವೆ. ಶ್ವಾಸನಾಳ ಸದ್ಯಕ್ಕೆ ತೆರೆದೇ ಇದೆ. ಈ ದಾರಿಯಲ್ಲಿ ಯಾವ ತಿರುವಿನಲ್ಲಿ ಏನು ಕೇಳಬೇಕು ಎಂದು ನಮಗೆ ಯಾರೂ ಒಟ್ಟಾಗಿ ಹೇಳಲಿಲ್ಲ. ಹಿಂದೆ ಬರುವವರಿಗೂ ಅವರನ್ನು ನೋಡಿಕೊಳ್ಳುವವರಿಗೂ ಇರಲಿ ಎಂದು ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ಇದು ನನ್ನೊಬ್ಬನ ಅನುಭವ. ನಿಮ್ಮ ವೈದ್ಯರ ಮಾತಿಗೆ ಬದಲಿಯಾಗಲಾರದು.

ಶುರುವಾದದ್ದು ತಲೆಸುತ್ತಿನಿಂದ. ಹಾಸಿಗೆಯಿಂದ ಏಳುವಾಗ ಕೋಣೆ ಗಿರ್ರನೆ ತಿರುಗಿತು, ವಾಂತಿಯಾಯಿತು. ಮುಖದ ಎಡಭಾಗ ಜೋಮು ಹಿಡಿದಿತ್ತು. ವಿಚಿತ್ರವೆಂದರೆ, ಬಲಗೈಗೆ ಬಿಸಿನೀರು ಬಿದ್ದರೆ ನೀರು ಬಿದ್ದದ್ದು ಗೊತ್ತಾಗುತ್ತಿತ್ತು, ಬಿಸಿ ಗೊತ್ತಾಗುತ್ತಿರಲಿಲ್ಲ. ತುರ್ತು ವಿಭಾಗದಲ್ಲಿ ಸಿಟಿ ಸ್ಕ್ಯಾನ್ ಮಾಡಿ ಏನೂ ಇಲ್ಲವೆಂದರು. ಒಳಕಿವಿಯ ತೊಂದರೆ ಇರಬಹುದು ಎಂಬ ಮಾತೂ ಬಂತು. ಅಷ್ಟರಲ್ಲಿ ನನ್ನ ದನಿ ಒಡೆದು ಗಾಳಿಯಂತಾಗಿದ್ದನ್ನು ಗಮನಿಸಿದ ಕಿರಿಯ ವೈದ್ಯೆಯೊಬ್ಬರು ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿದರು, ಅಂಗುಳು ಒಂದೇ ಕಡೆ ಏಳುತ್ತಿದೆ ಎಂದರು. ಎಂಆರ್‌ಐ ಆಯಿತು. ಮಿದುಳಿನ ಕಾಂಡದ ಕೆಳತುದಿಯಲ್ಲಿ, ಮೆಡುಲ್ಲಾದ ಎಡಮಗ್ಗುಲಿಗೆ ರಕ್ತ ಹರಿಯದೆ ಒಂದು ಸಣ್ಣ ಜಾಗ ಸತ್ತಿತ್ತು. ಜರ್ಮನಿಯ ವೈದ್ಯ ಅಡಾಲ್ಫ್ ವಾಲೆನ್‌ಬರ್ಗ್ 1895ರಲ್ಲಿ ವಿವರಿಸಿದ ಕಾರಣ ಇದಕ್ಕೆ ಅವರದೇ ಹೆಸರು. ಜಾಗ ಚಿಕ್ಕದು, ಆದರೆ ನುಂಗುವುದನ್ನೂ ಧ್ವನಿತಂತುಗಳನ್ನೂ ನಡೆಸುವ ನರಕೋಶಗಳು ಇರುವುದು ಅಲ್ಲಿಯೇ. ಮಿದುಳಿನ ಕಾಂಡದಲ್ಲಿ ಆಗಷ್ಟೇ ಆದ ಪೆಟ್ಟು ಸಿಟಿಯಲ್ಲಿ ಕಾಣದೇ ಹೋಗುವುದುಂಟು. ತಲೆಸುತ್ತಿನ ಜೊತೆ ದನಿ ಬದಲಾದರೆ, ನುಂಗಲು ಕಷ್ಟವಾದರೆ, ಅದನ್ನು ಬಾಯಿಬಿಟ್ಟು ಹೇಳಿ. ಯಾರೂ ಕೇಳಲಿಲ್ಲವೆಂದು ಸುಮ್ಮನಿರಬೇಡಿ.

ವಾರ್ಡಿಗೆ ಬಂದ ಕೂಡಲೇ ಹಾಸಿಗೆಯ ತಲೆಯ ಕಡೆ 'ಬಾಯಿಂದ ಏನನ್ನೂ ಕೊಡಬಾರದು' ಎಂಬ ಹಲಗೆ ತೂಗುಹಾಕಿದರು. ನೀರನ್ನೂ ಕೊಡುವಂತಿಲ್ಲ. ಬಾಯಾರಿಕೆಯಲ್ಲಿ ಆ ಹಲಗೆಯನ್ನು ಶಪಿಸಿದ್ದೇನೆ. ಆದರೆ ಪಾರ್ಶ್ವವಾಯು ಆದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮೊದಲ ದಿನಗಳಲ್ಲಿ ನುಂಗುವ ತೊಂದರೆ ಇರುತ್ತದೆ, ನುಂಗುವಿಕೆಯ ಪರೀಕ್ಷೆ ಆಗುವವರೆಗೆ ಮಾತ್ರೆಯನ್ನೂ ಬಾಯಿಗೆ ಹಾಕುವಂತಿಲ್ಲ. ಪ್ರೀತಿಯಿಂದ ಒಂದು ಚಮಚ ನೀರು ಹಾಕಲು ಬರುವ ಬಂಧುಗಳನ್ನು ಬಾಗಿಲಲ್ಲೇ ತಡೆಯುವ ಕೆಲಸ ಮನೆಯವರದು. ನನ್ನ ಮಗಳು ಈ ವಿಷಯದಲ್ಲಿ ಇಬ್ಬರು ಮೂವರ ಸಿಟ್ಟು ಕಟ್ಟಿಕೊಂಡಳು.

ಆ ದಿನಗಳಲ್ಲಿ ನನ್ನನ್ನು ಹಿಂಡಿ ಹಾಕಿದ್ದು ಎರಡು. ಒಂದು ಬಿಕ್ಕಳಿಕೆ: ಹಗಲೂ ರಾತ್ರಿ ನಿಲ್ಲದ, ನಿದ್ದೆಯಲ್ಲೂ ಬಿಡದ ಬಿಕ್ಕಳಿಕೆ. ಎಲ್ಲರೂ ನಗುತ್ತಾರೆಂದು ಮೊದಮೊದಲು ಹೇಳಿಕೊಳ್ಳಲೂ ನಾಚಿಕೆ. ಅದೂ ಈ ಕಾಯಿಲೆಯ ಭಾಗವೇ ಎಂದು ತಿಳಿದ ಮೇಲೆ ಬ್ಯಾಕ್ಲೋಫೆನ್ ಎಂಬ ಔಷಧ ಶುರು ಮಾಡಿದರು, ನಿಧಾನವಾಗಿ ತಗ್ಗಿತು. ಇನ್ನೊಂದು ಜೊಲ್ಲು. ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಊರುತ್ತದೆ. ನುಂಗುತ್ತಲೇ ಇರುವುದರಿಂದ ಗೊತ್ತಾಗುವುದಿಲ್ಲ. ನುಂಗಲಾಗದಿದ್ದರೆ ಅಷ್ಟೂ ಎಲ್ಲಿಗೋ ಹೋಗಬೇಕು. ನನ್ನದು ಒಂದಿಷ್ಟು ಬಟ್ಟಲಿಗೆ ಹೋಯಿತು, ಒಂದಿಷ್ಟು ಶ್ವಾಸಕೋಶಕ್ಕೆ. ನ್ಯುಮೋನಿಯಾ ಆಯಿತು. ಐಸಿಯು, ವೆಂಟಿಲೇಟರ್, ಅಲ್ಲಿಂದ ಮುಂದಿನದ್ದು ನನಗೆ ತುಂಡುತುಂಡಾಗಿ ನೆನಪಿದೆ.

ಬಾಯಿಯ ಮೂಲಕ ಹಾಕಿದ ಕೊಳವೆಯನ್ನು ತೆಗೆದರೆ ಕಫ ಹೊರಹಾಕುವ ಶಕ್ತಿ ನನಗಿಲ್ಲವೆಂದು ಕಂಡಾಗ ಟ್ರಕಿಯಾಸ್ಟಮಿಯ ಮಾತು ಬಂತು. ಕತ್ತಿನ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ ಶ್ವಾಸನಾಳಕ್ಕೆ ರಂಧ್ರ ಮಾಡಿ ಕೊಳವೆ ಇಡುವುದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವಳು ಹೆಂಡತಿ. ಇನ್ನು ಜೀವನಪೂರ್ತಿ ಹೀಗೆಯೇ ಎಂದು ಅವಳು ತಿಳಿದಿದ್ದಳಂತೆ. ಬಹಳ ಜನರಿಗೆ ಇದು ತಾತ್ಕಾಲಿಕ ಎಂದು ಆಗ ಅವಳಿಗೆ ಯಾರೂ ಹೇಳಿರಲಿಲ್ಲ. ಸಹಿ ಹಾಕುವ ಮುನ್ನ ಕೇಳಬೇಕಾದ್ದು ಇಷ್ಟು: ಇದನ್ನು ತೆಗೆಯುವ ಯೋಚನೆ ಯಾವ ಹಂತದಲ್ಲಿ ಮಾಡುತ್ತೀರಿ, ಆ ತೀರ್ಮಾನ ಯಾರದು? ಐಸಿಯು ವೈದ್ಯರದೋ, ಇಎನ್‌ಟಿಯವರದೋ, ನರರೋಗ ತಜ್ಞರದೋ ಎಂಬುದು ಸ್ಪಷ್ಟವಿಲ್ಲದೆ ನನ್ನ ಕೊಳವೆ ಬೇಕಾದದ್ದಕ್ಕಿಂತ ಹೆಚ್ಚು ಕಾಲ ಕತ್ತಿನಲ್ಲೇ ಉಳಿಯಿತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಎಚ್ಚರವಾಗಿದ್ದೂ ದನಿಯಿಲ್ಲದಿರುವುದು ಬೇರೆಯದೇ ಸಂಕಟ. ಉಸಿರು ಕತ್ತಿನಲ್ಲೇ ಹೊರಟುಹೋಗುವುದರಿಂದ ಧ್ವನಿತಂತುಗಳಿಗೆ ಗಾಳಿಯೇ ತಲುಪುವುದಿಲ್ಲ. ರಾತ್ರಿ ಕಫ ಕಟ್ಟಿ ಗೊರಗೊರ ಎನ್ನುವಾಗ ಕೂಗುವುದು ಹೇಗೆ? ಕೈಗೆ ಸಿಗುವಂತೆ ಗಂಟೆಯ ಗುಂಡಿ ಇಡಲು ಹೇಳಿ. ಬರೆಯಲು ಹಲಗೆ, ಬರೆಯಲಾಗದವರಿಗೆ 'ಕಫ', 'ನೋವು', 'ಮಗ್ಗುಲು ತಿರುಗಿಸಿ', 'ಭಯವಾಗುತ್ತಿದೆ' ಎಂದು ದೊಡ್ಡ ಅಕ್ಷರದ ಚೀಟಿಗಳು. ಕೊನೆಯ ಚೀಟಿಯನ್ನು ನಾನು ಎಲ್ಲಕ್ಕಿಂತ ಹೆಚ್ಚು ತೋರಿಸಿದೆ. ಸಕ್ಷನ್, ಅಂದರೆ ಕೊಳವೆಯೊಳಗಿನ ಕಫವನ್ನು ಯಂತ್ರದಿಂದ ಹೀರಿ ತೆಗೆಯುವುದು, ಮಾಡುವುದನ್ನು ನೋಡಿದರೆ ಮನೆಯವರಿಗೆ ಕರುಳು ಹಿಂಡುತ್ತದೆ, ಒಳಗಿರುವವನಿಗೆ ಉಸಿರೇ ಹೀರಿಹೋದಂತಾಗುತ್ತದೆ. ಒಂದು ಸಲಕ್ಕೆ 10–15 ಸೆಕೆಂಡಿಗಿಂತ ಹೆಚ್ಚು ಎಳೆಯಬಾರದು, ನಡುವೆ ಸುಧಾರಿಸಿಕೊಳ್ಳಲು ಬಿಡಬೇಕು. ಮನೆಯವರು ಇದನ್ನು ಆಸ್ಪತ್ರೆಯಲ್ಲೇ ದಾದಿಯರ ಎದುರು ಸ್ವತಃ ಮಾಡಿ ಕಲಿಯಬೇಕು. ಹಾಸಿಗೆಯ ಬಳಿ ಅದೇ ಅಳತೆಯದೊಂದು, ಒಂದು ಅಳತೆ ಚಿಕ್ಕದೊಂದು, ಹೀಗೆ ಎರಡು ಬಿಡಿ ಕೊಳವೆಗಳು ಯಾವಾಗಲೂ ಇರಬೇಕು.

ಕೊಳವೆಯ ಸುತ್ತ ಒಂದು ಗಾಳಿಚೀಲ ಇರುತ್ತದೆ, ಕಫ್ ಎನ್ನುತ್ತಾರೆ. ಅದರ ಒತ್ತಡ ಸಾಮಾನ್ಯವಾಗಿ 20ರಿಂದ 30 ಸೆಂಟಿಮೀಟರ್ ನೀರಿನ ಒತ್ತಡದ ನಡುವೆ ಇರಬೇಕು. ಹೆಚ್ಚಾದರೆ ಶ್ವಾಸನಾಳದ ಗೋಡೆಗೆ ರಕ್ತ ಹರಿಯದೆ ಗಾಯವಾಗುತ್ತದೆ. ಅಳೆಯುವ ಪುಟ್ಟ ಮಾಪಕವೂ ಇದೆ. ಈ ವಿಷಯ ಆಗ ನಮಗೆ ತಿಳಿದಿರಲಿಲ್ಲ. ಇದು ಯಾಕೆ ಮುಖ್ಯವೆಂದು ಮುಂದೆ ಹೇಳುತ್ತೇನೆ.

ಊಟ ಮೂಗಿನ ಕೊಳವೆಯಲ್ಲಿ. ಅದು ಹೊಟ್ಟೆಯಲ್ಲೇ ಇದೆ ಎಂಬುದು ಎಕ್ಸ್‌ರೇಯಲ್ಲೋ ಒಳಗಿನಿಂದ ಎಳೆದ ದ್ರವದ ಆಮ್ಲೀಯತೆಯಲ್ಲೋ ಖಚಿತವಾಗುವ ತನಕ ಏನನ್ನೂ ಹಾಕುವಂತಿಲ್ಲ. ಹಾಕುವಾಗಲೂ ಆಮೇಲೆ ಅರ್ಧ ಮುಕ್ಕಾಲು ಗಂಟೆಯೂ ತಲೆಭಾಗ ಕನಿಷ್ಠ 30 ಡಿಗ್ರಿ ಎತ್ತರದಲ್ಲಿರಬೇಕು. ಮಾತ್ರೆಗಳನ್ನು ಪುಡಿ ಮಾಡುವ ಮುನ್ನ ಔಷಧಿಕಾರರನ್ನು ಕೇಳಿ; ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳನ್ನು ಪುಡಿ ಮಾಡಿದರೆ ಇಡೀ ದಿನದ ಔಷಧ ಒಂದೇ ಸಲ ಮೈಗೆ ಸೇರುತ್ತದೆ.

ಕೆಲವು ವಾರಗಳಾದರೂ ನುಂಗುವುದು ಬಾರದಿದ್ದಾಗ ಹೊಟ್ಟೆಗೆ ನೇರವಾಗಿ ಪೆಗ್ ಕೊಳವೆ ಹಾಕೋಣ ಎಂದರು. ಅದನ್ನು ಸೋಲೆಂದುಕೊಂಡು ಬಹಳ ಹೊಯ್ದಾಡಿದೆ. ಅಷ್ಟರಲ್ಲಿ ಯಾರೂ ಯೋಚಿಸದ ಅಡ್ಡಿಯೊಂದು ಬಂತು. ಪಾರ್ಶ್ವವಾಯು ಮತ್ತೆ ಬಾರದಂತೆ ನಾನು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಹೊಟ್ಟೆಗೆ ರಂಧ್ರ ಮಾಡುವವರು ಒಂದನ್ನಾದರೂ ನಿಲ್ಲಿಸಿ ಎಂದರು. ನರರೋಗ ತಜ್ಞರು ಈಗಲೇ ನಿಲ್ಲಿಸುವುದು ಬೇಡ ಎಂದರು. ಇಬ್ಬರೂ ಬರೆದ ಟಿಪ್ಪಣಿಗಳನ್ನು ಹಿಡಿದು ಮಗಳು ಒಂದು ಮಹಡಿಯಿಂದ ಇನ್ನೊಂದಕ್ಕೆ ಓಡಾಡಿದಳು. ಕೊನೆಗೆ ಇಬ್ಬರೂ ಫೋನಿನಲ್ಲಿ ನೇರವಾಗಿ ಮಾತನಾಡಿದಾಗ ಸ್ವಲ್ಪ ಹೊತ್ತಿನಲ್ಲೇ ಇತ್ಯರ್ಥವಾಯಿತು. ಕೊಳವೆ, ದುರ್ಬೀನು (ಎಂಡೊಸ್ಕೋಪ್), ಶಸ್ತ್ರಕ್ರಿಯೆ ಏನೇ ಇರಲಿ, ದಿನ ಗೊತ್ತುಮಾಡುವ ಮೊದಲೇ 'ಈ ಮಾತ್ರೆಗಳ ಬಗ್ಗೆ ಇಬ್ಬರೂ ಮಾತನಾಡಿದ್ದೀರಾ' ಎಂದು ಕೇಳಿ. ನೀವಾಗಿ ಮಾತ್ರ ಎಂದೂ ನಿಲ್ಲಿಸಬೇಡಿ. ಪೆಗ್ ಹಾಕಿದ ಮೇಲೆ ಮೂಗು ಖಾಲಿಯಾಯಿತು, ಗಂಟಲಿಗೆ ಉಜ್ಜುವ ವಸ್ತು ಹೋಯಿತು. ಅಷ್ಟು ಹೊಯ್ದಾಡುವ ಅಗತ್ಯವಿರಲಿಲ್ಲ.

ನನ್ನ ಪಾಲಿಗೆ ದೊಡ್ಡ ಪಾಠ ನುಂಗುವ ಚಿಕಿತ್ಸೆಯದು. ನೆತ್ತಿಗೆ ಹತ್ತಿದರೆ ಕೆಮ್ಮು ಬರುತ್ತದೆ, ಕೆಮ್ಮು ಬಾರದಿದ್ದರೆ ಸರಿಯಾಗಿ ಇಳಿಯಿತು ಎಂದೇ ನಮ್ಮೆಲ್ಲರ ಲೆಕ್ಕ. ಸ್ಪೀಚ್ ಥೆರಪಿಸ್ಟ್ ಒಂದೆರಡು ಚಮಚ ಕೊಟ್ಟಾಗ ನಾನು ಕೆಮ್ಮಲಿಲ್ಲ, ಎಲ್ಲರೂ ಹಿಗ್ಗಿದೆವು. ಅವರೊಬ್ಬರು ಹಿಗ್ಗಲಿಲ್ಲ. "ನಿಮ್ಮ ಗಂಟಲಿಗೆ ಸ್ಪರ್ಶವೇ ತಿಳಿಯದಿರಬಹುದು, ಒಳಗೆ ನೋಡೋಣ" ಎಂದರು. ಮೂಗಿನ ಮೂಲಕ ತೆಳುವಾದ ಕ್ಯಾಮೆರಾ ಇಳಿಸಿ, ಬಣ್ಣ ಹಾಕಿದ ಆಹಾರ ನುಂಗಿಸಿ ನೋಡುವ ಪರೀಕ್ಷೆ ಅದು, ಫೀಸ್ ಎನ್ನುತ್ತಾರೆ. ಅಮೆರಿಕದ ಸ್ಪೀಚ್ ಥೆರಪಿಸ್ಟ್ ಸೂಸನ್ ಲ್ಯಾಂಗ್ಮೋರ್ ಮತ್ತು ಸಂಗಡಿಗರು 1988ರಲ್ಲಿ ಇದನ್ನು ವಿವರಿಸಿದರು. ಹಾಸಿಗೆಯ ಬಳಿಯೇ ಮಾಡಬಹುದು, ಮೂಗು ಸ್ವಲ್ಪ ಉರಿಯುತ್ತದೆ ಅಷ್ಟೇ. ಪರದೆಯ ಮೇಲೆ ನಾನೇ ನೋಡಿದೆ: ಎಡ ಧ್ವನಿತಂತು ಅಲುಗಾಡದೆ ನಿಂತಿದೆ, ಹಸಿರು ನೀರು ಅದರ ಪಕ್ಕದಿಂದ ಶ್ವಾಸನಾಳಕ್ಕೆ ಇಳಿಯುತ್ತಿದೆ, ನನಗೆ ಕೆಮ್ಮೇ ಇಲ್ಲ. ಕೆಮ್ಮಿಲ್ಲದೆ ಹೀಗೆ ಒಳಗಿಳಿಯುವುದೇ ಅಪಾಯದ್ದು. ಎಕ್ಸ್‌ರೇ ಕಿರಣದಡಿ ಬೇರಿಯಂ ನುಂಗಿಸಿ ವಿಡಿಯೊ ತೆಗೆಯುವ ಪರೀಕ್ಷೆಯೂ ಇದೆ. ಯಾವುದಾದರೊಂದು ಆಗದೆ, ಬರೀ ಹೊರಗಿನಿಂದ ನೋಡಿ "ಊಟ ಶುರು ಮಾಡಿ" ಎಂದರೆ ಮರಳಿ ಪ್ರಶ್ನಿಸುವುದು ತಪ್ಪಲ್ಲ.

ಅದೇ ಕ್ಯಾಮೆರಾ ಒಂದು ಉಪಾಯವನ್ನೂ ತೋರಿಸಿತು. ತಲೆಯನ್ನು ದುರ್ಬಲವಾದ ಎಡಕ್ಕೆ ಪೂರ್ತಿ ತಿರುಗಿಸಿ ನುಂಗಿದರೆ ಆ ಬದಿಯ ದಾರಿ ಮುಚ್ಚಿಕೊಂಡು ಆಹಾರ ಗಟ್ಟಿಯಾದ ಬಲಬದಿಯಲ್ಲಿ ಇಳಿಯುತ್ತದೆ. ಎಲ್ಲರಿಗೂ ಇದು ಹೊಂದುವುದಿಲ್ಲ. ಕೆಲವರಿಗೆ ಗದ್ದವನ್ನು ಎದೆಗೆ ತಾಗಿಸುವುದು ಸರಿ, ಕೆಲವರಿಗೆ ಅದರಿಂದ ಕೆಡುಕೇ ಹೆಚ್ಚು. ಒಳಗೆ ನೋಡಿ ಗೊತ್ತುಮಾಡಿಕೊಂಡ ಭಂಗಿಯನ್ನಷ್ಟೇ ನಂಬಿ. ವ್ಯಾಯಾಮಗಳು ಬೇಸರದವು. ಗಂಟಲಮಣಿಯನ್ನು ಮೇಲೆಯೇ ಹಿಡಿದಿಟ್ಟು ನುಂಗುವುದು, ಮಲಗಿ ತಲೆ ಮಾತ್ರ ಎತ್ತಿ ಕಾಲ್ಬೆರಳು ನೋಡುವುದು, ಒತ್ತಡವಿರುವ ಸಾಧನದೊಳಕ್ಕೆ ಜೋರಾಗಿ ಊದುವುದು. ಕತ್ತಿನಲ್ಲಿ ಕೊಳವೆ ಇರುವಾಗ ಇವುಗಳಲ್ಲಿ ಯಾವುದು ಸಲ್ಲುತ್ತದೆ ಎಂದು ಕೇಳಿಕೊಂಡೇ ಮಾಡಬೇಕು. ದಿನದ ಕೊನೆಗೆ ಕತ್ತು ಸೋತುಹೋಗುತ್ತಿತ್ತು. ವಾರಗಟ್ಟಲೆ ಏನೂ ಬದಲಾದಂತೆ ಕಾಣದು.

ನೀರನ್ನು ಮಂದ ಮಾಡುವ ಪುಡಿಯದು ನಿರಂತರ ಖರ್ಚು, ರುಚಿಯೂ ಅಷ್ಟಕ್ಕಷ್ಟೇ. ಎಷ್ಟು ಮಂದವಾಗಿರಬೇಕು ಎಂಬುದಕ್ಕೆ ಇಡ್ಸಿ ಎಂಬ ಅಂತರರಾಷ್ಟ್ರೀಯ ಅಳತೆಯಿದೆ, 0ಯಿಂದ 7ರವರೆಗೆ. ಮನೆಯಲ್ಲೇ ನೋಡಬಹುದು: 10 ಮಿಲಿಲೀಟರ್ ಸಿರಿಂಜಿಗೆ ದ್ರವ ತುಂಬಿ, ಕೆಳಗಿನ ಬಾಯಿಯನ್ನು 10 ಸೆಕೆಂಡು ಮಾತ್ರ ಬಿಡಬೇಕು. 1ರಿಂದ 4 ಮಿಲಿ ಉಳಿದರೆ ಮಟ್ಟ 1, 4ರಿಂದ 8 ಉಳಿದರೆ ಮಟ್ಟ 2, 8ಕ್ಕಿಂತ ಹೆಚ್ಚು ಉಳಿದೂ ಹರಿಯುತ್ತಿದ್ದರೆ ಮಟ್ಟ 3. ಸಿರಿಂಜುಗಳ ಉದ್ದ ಒಂದೇ ಥರ ಇರುವುದಿಲ್ಲ. 0ಯಿಂದ 10ರ ಗೆರೆಯವರೆಗೆ 61.5 ಮಿಲಿಮೀಟರ್ ಇರುವುದೇ ಆಗಬೇಕು. ಚಮಚದ ಅಂದಾಜಿನಲ್ಲಿ ಹೆಂಡತಿ ಒಂದು ಮಂದ, ಮಗಳು ಒಂದು ಮಂದ ಮಾಡುತ್ತಿದ್ದ ಜಗಳ ಈ ಸಿರಿಂಜಿನಿಂದ ನಿಂತಿತು. ಬಾಯಿಂದ ಏನೂ ತಿನ್ನದಿದ್ದರೂ ಹಲ್ಲು, ನಾಲಗೆ ಉಜ್ಜುವುದನ್ನು ಬಿಡಬಾರದು. ಜೊಲ್ಲಿನ ಜೊತೆ ಶ್ವಾಸಕೋಶಕ್ಕೆ ಇಳಿಯುವುದು ಬಾಯಿಯ ರೋಗಾಣುಗಳೇ.

ಕೊಳವೆ ತೆಗೆಯುವುದು ಹಂತಹಂತವಾಗಿ ನಡೆಯಿತು. ಮೊದಲು ಕಫ್‌ನ ಗಾಳಿ ಇಳಿಸಿದರು. ಆಮೇಲೆ ಮಾತಿನ ವಾಲ್ವ್ ಕೂರಿಸಿದರು. ಉಸಿರು ಒಳಗೆ ಕತ್ತಿನಿಂದ ಬಂದು, ಹೊರಗೆ ಬಾಯಿಂದ ಹೋಗುತ್ತದೆ. ಕಫ್ ಉಬ್ಬಿರುವಾಗ ಈ ವಾಲ್ವ್ ಹಾಕಿದರೆ ಉಸಿರು ಹೊರಹೋಗಲು ದಾರಿಯೇ ಇರುವುದಿಲ್ಲ, ಇದು ಮನೆಯವರಿಗೂ ಗೊತ್ತಿರಲೇಬೇಕು. ಮೊದಲ ಸಲ ಒಡಕು ದನಿಯಲ್ಲಿ ಹೆಂಡತಿಯ ಹೆಸರು ಕರೆದಾಗ ಅವಳು ಕೊಠಡಿಯಿಂದ ಹೊರಗೆ ಹೋಗಿ ಅತ್ತು ಬಂದಳು. ಕೊಳವೆಯ ಅಳತೆ ಕಿರಿದು ಮಾಡಿ, ಅದರ ಬಾಯಿಗೆ ಮುಚ್ಚಳ ಹಾಕಿ ಹಗಲು ರಾತ್ರಿ ನೋಡಿ, ಕೆಮ್ಮಿನ ರಭಸ ಅಳೆದು, ಕೊನೆಗೆ ತೆಗೆದರು. ರಂಧ್ರ ತಾನಾಗಿ ಮುಚ್ಚಿಕೊಂಡಿತು. ಅಲ್ಲಿಯವರೆಗೆ ಕೆಮ್ಮುವಾಗ, ಮಾತನಾಡುವಾಗ ಪಟ್ಟಿಯ ಮೇಲೆ ಬೆರಳು ಒತ್ತಿಹಿಡಿಯಬೇಕು. ಇನ್ನೇನು ಮುಗಿಯಿತು ಎಂದು ಮನೆಗೆ ಬಂದೆವು.

ಮುಗಿದಿರಲಿಲ್ಲ. ಕೆಲವು ವಾರಗಳ ನಂತರ ಮೆಟ್ಟಿಲು ಹತ್ತುವಾಗ ಏದುಸಿರು ಶುರುವಾಯಿತು. ಆಮೇಲೆ ನಡೆಯುವಾಗಲೂ. ಉಸಿರು ಎಳೆದುಕೊಳ್ಳುವಾಗ ಒಂದು ಸಿಳ್ಳಿನಂಥ ಶಬ್ದ. ಪಾರ್ಶ್ವವಾಯುವಿನ ಸುಸ್ತು ಎಂದರು ಒಬ್ಬರು, ಆಸ್ತಮಾ ಎಂದು ಇನ್‌ಹೇಲರ್ ಕೊಟ್ಟರು ಇನ್ನೊಬ್ಬರು. ಬೆರಳಿಗೆ ಹಾಕುವ ಆಕ್ಸಿಮೀಟರ್ 97, 98 ತೋರಿಸುತ್ತಿತ್ತು. ಅದನ್ನೇ ಹಿಡಿದು ಎಲ್ಲವೂ ಸರಿಯಿದೆ ಎಂದರು. ಇನ್‌ಹೇಲರ್‌ನಿಂದ ಎಳ್ಳಷ್ಟೂ ಗುಣವಾಗಲಿಲ್ಲ. ರಾತ್ರಿ ಮಲಗಲು ಹೆದರಿ ಕುರ್ಚಿಯಲ್ಲೇ ಒರಗಿಕೊಳ್ಳುತ್ತಿದ್ದೆ. ಮಗಳು ಆ ಶಬ್ದವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕತ್ತಿಗೆ ಕೊಳವೆ ಹಾಕಿದ್ದ ಇಎನ್‌ಟಿ ವೈದ್ಯರಿಗೆ ಕೇಳಿಸಿದಳು. ಅವರು ಕೇಳಿದ್ದು ಒಂದೇ ಪ್ರಶ್ನೆ: ಶಬ್ದ ಬರುವುದು ಉಸಿರು ಒಳಗೆ ಎಳೆಯುವಾಗಲೋ, ಹೊರಗೆ ಬಿಡುವಾಗಲೋ? ಆಸ್ತಮಾದ ಸಿಳ್ಳು ಹೆಚ್ಚಾಗಿ ಬಿಡುವಾಗ. ನನ್ನದು ಎಳೆಯುವಾಗ. ಅಂದರೆ ಅಡ್ಡಿ ಇದ್ದದ್ದು ಮೇಲಿನ ದಾರಿಯಲ್ಲಿ.

ಸಿಟಿಯಲ್ಲೂ ದುರ್ಬೀನಿನಲ್ಲೂ ಕಂಡದ್ದು ಶ್ವಾಸನಾಳದ ಕಿರಿದಾಗುವಿಕೆ, ಸ್ಟೆನೋಸಿಸ್. ಕಫ್ ಒತ್ತಿದ್ದ ಜಾಗದಲ್ಲಿ ಗಾಯವಾಗಿ, ಮಾಯುವಾಗ ಗಟ್ಟಿಯಾದ ಉಂಗುರದಂತೆ ಬಿಗಿದುಕೊಂಡಿತ್ತು. ಇದು ಕೊಳವೆ ತೆಗೆದ ಕೂಡಲೇ ಕಾಣಿಸಿಕೊಳ್ಳುವುದಿಲ್ಲ, ವಾರಗಳೋ ತಿಂಗಳುಗಳೋ ಕಳೆದು ಬರುತ್ತದೆ. ದಾರಿ ಅರ್ಧದಷ್ಟು ಮುಚ್ಚುವವರೆಗೆ ದೇಹ ಹೇಗೋ ಸರಿದೂಗಿಸುತ್ತದೆ, ರಕ್ತದ ಆಮ್ಲಜನಕವೂ ಇಳಿಯುವುದಿಲ್ಲ. ಆಕ್ಸಿಮೀಟರ್ ನೋಡಿ ನಿಶ್ಚಿಂತರಾಗಬಾರದು ಎನ್ನುವುದು ಇದಕ್ಕೇ.

ಆಗ ಬೇಕಾದ ಕಾಗದಗಳದೇ ಒಂದು ಕಥೆ. ಎಷ್ಟು ದಿನ ಬಾಯಿಯ ಕೊಳವೆ, ಎಷ್ಟು ದಿನ ಕತ್ತಿನದು, ಯಾವ ಅಳತೆ, ಯಾವಾಗ ಬದಲಾಯಿಸಿದರು ಎಂದು ವೈದ್ಯರು ಕೇಳಿದರು. ಡಿಸ್ಚಾರ್ಜ್ ಸಾರಾಂಶದಲ್ಲಿ 'ಟ್ರಕಿಯಾಸ್ಟಮಿ ಮಾಡಲಾಯಿತು' ಎಂಬ ಒಂದು ಸಾಲು ಬಿಟ್ಟರೆ ಏನೂ ಇರಲಿಲ್ಲ. ದಾಖಲೆ ವಿಭಾಗಕ್ಕೆ ಅರ್ಜಿ, ಗುರುತಿನ ಚೀಟಿ, ರೋಗಿಯ ಒಪ್ಪಿಗೆ ಪತ್ರ, ಪ್ರತಿಗಳಿಗೆ ಶುಲ್ಕ, ಆಮೇಲೆ ಕಾಯುವುದು. ವಿಮೆಯವರು ಬೇರೆ ತಗಾದೆ ತೆಗೆದರು: ಪಾರ್ಶ್ವವಾಯುವಿಗೂ ಶ್ವಾಸನಾಳಕ್ಕೂ ಏನು ಸಂಬಂಧ? ಮೊದಲ ಕಾಯಿಲೆಯ ಚಿಕಿತ್ಸೆಯ ಪರಿಣಾಮವೇ ಇದು ಎಂದು ವೈದ್ಯರು ಬರೆದುಕೊಟ್ಟ ಪತ್ರದಿಂದ ಅದು ಬಗೆಹರಿಯಿತು. ಹಾಸಿಗೆ ಬಿಡುವ ದಿನವೇ ಶಸ್ತ್ರಕ್ರಿಯೆಯ ಟಿಪ್ಪಣಿ, ಕೊಳವೆಯ ವಿವರ, ನುಂಗುವ ಪರೀಕ್ಷೆಯ ವರದಿ, ಸ್ಕ್ಯಾನ್‌ಗಳ ಪ್ರತಿ ಕೇಳಿ ಪಡೆಯಿರಿ. ಆಮೇಲೆ ಅಲೆಯುವುದು ದುಬಾರಿ, ಉಸಿರು ಕಟ್ಟಿರುವವನಿಗಂತೂ ಇನ್ನೂ ದುಬಾರಿ.

ಅರಿವಳಿಕೆ ಕೊಟ್ಟು ಬಲೂನಿನಿಂದ ಕಿರಿದಾದ ಜಾಗವನ್ನು ಹಿಗ್ಗಿಸಿದರು. ರಕ್ತದ ಮಾತ್ರೆಯ ವಿಷಯ ಈ ಬಾರಿ ನಾವೇ ಮೊದಲು ಎತ್ತಿದೆವು. ಎಚ್ಚರವಾದಾಗ ಎಳೆದ ಮೊದಲ ಉಸಿರು ಶಬ್ದವಿಲ್ಲದೆ ಬಂತು. ಆದರೆ ಅದು ಮತ್ತೆ ಬಿಗಿಯಬಹುದೆಂದು ಮೊದಲೇ ಹೇಳಿದ್ದರು, ಬಿಗಿಯಿತು, ಇನ್ನೊಮ್ಮೆ ಹಿಗ್ಗಿಸಬೇಕಾಯಿತು. ಮತ್ತೆಮತ್ತೆ ಬಿಗಿದರೆ ಆ ತುಂಡನ್ನೇ ಕತ್ತರಿಸಿ ಎರಡು ತುದಿ ಜೋಡಿಸುವ ಶಸ್ತ್ರಕ್ರಿಯೆ ಇದೆ. ಅದು ಆಗದವರಿಗೆ ಟಿ ಆಕಾರದ ಕೊಳವೆ. ಸದ್ಯ ನನಗೆ ಅಲ್ಲಿಯವರೆಗೆ ಹೋಗಬೇಕಾಗಿಲ್ಲ.

ಈಗ ತಲೆಯನ್ನು ಎಡಕ್ಕೆ ತಿರುಗಿಸಿ ಸಾದಾ ನೀರು ಕುಡಿಯುತ್ತೇನೆ. ಮೆತ್ತಗಿನದೆಲ್ಲ ಇಳಿಯುತ್ತದೆ, ಪುಡಿಪುಡಿಯಾಗುವ ಒಣ ತಿನಿಸು ಇನ್ನೂ ಬೇಡ. ತಿನ್ನುವಾಗ ಮಾತನಾಡುವುದಿಲ್ಲ; ಜನರಿಗೆ ಇದು ಬಿಗುಮಾನವೆಂದು ಕಾಣುತ್ತದೆ, ಕಾಣಲಿ. ದನಿ ಒಡಕಾಗಿಯೇ ಇದೆ, ಎಡ ಧ್ವನಿತಂತಿಗೆ ಚುಚ್ಚುಮದ್ದಿನಿಂದ ತುಂಬಿಕೊಡುವ ಮಾತು ನಡೆದಿದೆ. ಶ್ವಾಸನಾಳವನ್ನು ಕಾಲಕಾಲಕ್ಕೆ ದುರ್ಬೀನಿನಲ್ಲಿ ನೋಡಿಸಿಕೊಳ್ಳಬೇಕು. ನಡುವೆ ಆ ಸಿಳ್ಳು ಮತ್ತೆ ಕೇಳಿಸಿದರೆ ಹೊರರೋಗಿ ವಿಭಾಗದ ಸರದಿಗೆ ಕಾಯದೆ ನೇರವಾಗಿ ತುರ್ತು ವಿಭಾಗಕ್ಕೆ ಬರಬೇಕು, ಶ್ವಾಸನಾಳ ಕಿರಿದಾಗಿದೆ ಎಂದು ಬಂದ ಕೂಡಲೇ ಹೇಳಬೇಕು ಎಂದು ವೈದ್ಯರು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದಾರೆ. ಕೊನೆಗೆ ನೋಡಿದಾಗ ಒಳಗೆ ಎಷ್ಟು ಅಗಲವಿತ್ತು, ಯಾವ ಅಳತೆಯ ಕೊಳವೆ ಹಿಡಿಸಬಹುದು ಎಂಬುದೂ ಅದರಲ್ಲೇ ಇದೆ. ಅದರ ಫೋಟೊ ಮನೆಯವರೆಲ್ಲರ ಮೊಬೈಲಿನಲ್ಲಿದೆ, ಒಂದು ಪ್ರತಿ ನನ್ನ ಜೇಬಿನಲ್ಲಿ.